ಭಾನುವಾರದ 20 ಲೀಟರ್

ನಮ್ಮದು ಈಬತ್ತಿ ಹಚ್ಚೋ ಮನೆ, ಮೀನು ತಿನ್ನಲ್ಲ. ಆದ್ರೂ ಭಾನುವಾರ ಬೆಳಗ್ಗೆ ಆತು ಅಂದ್ರೆ ನಾನು ಸೆರಗು ಸೊಂಟಕ್ಕೆ ಸಿಗಿಸ್ಕೊಂಡು, ಮೊಣಕೈ ತನಕ ಉಪ್ಪುನೀರಲ್ಲಿ ಕೈ ಇಟ್ಕೊಂಡು ನಿಂತಿರ್ತೀನಿ. ಎದುರುಮನೆಯಾಕೆ "ಏನ್ರೀ, ಚನ್ನಗಿರಿಗೇ ಸಮುದ್ರ ತಂದ್ಬಿಟ್ರಲ್ಲ" ಅಂತ ನಗ್ತಾರೆ. ತಂದದ್ದು ನಾನಲ್ಲ, ನನ್ನ ಮಗ. 2021ರಲ್ಲಿ ಮನೇಲೇ ಕೂತು ಆಫೀಸ್ ಕೆಲಸ ಮಾಡ್ತಿದ್ನಲ್ಲ, ಆವಾಗ ಹಾಲ್‌ನಲ್ಲಿ ಗಾಜಿನ ತೊಟ್ಟಿ ಇಟ್ಟ. ಮುಂದಿನ ವರ್ಷ ಆಫೀಸಿನವರು ಬೆಂಗಳೂರಿಗೆ ಕರೆದ್ರು. ಲ್ಯಾಪ್‌ಟಾಪು, ಹಾಸಿಗೆ, ಚಟ್ನಿಪುಡಿ ಎಲ್ಲ ಕಟ್ಕೊಂಡು ಹೋದ. ಸಮುದ್ರ ಮಾತ್ರ ನನಗೆ ಬಿಟ್ಟ. ಜೊತೆಗೆ ನೋಟ್‌ಬುಕ್ಕಿಂದ ಹರಿದ ಒಂದು ಹಾಳೆ: "ಅಮ್ಮಾ, ವಾರಕ್ಕೊಮ್ಮೆ 20 ಲೀಟರ್ ತೆಗಿ, 20 ಲೀಟರ್ ಹಾಕು. ಅಷ್ಟೇ."

ಅಷ್ಟೇ ಅಂತೆ.

ತೊಟ್ಟಿ ದೊಡ್ಡದೇನಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಮರಳು, ಕಲ್ಲು ಕಳೆದ್ರೆ ಸುಮಾರು 170 ಲೀಟರ್ ನೀರು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿ ಹಾಕ್ಕೊಂಡ ಎರಡು ಕ್ಲೌನ್ ಮೀನು, ಉದ್ದ ಮೀಸೆಯ ಕೆಂಪು ಸಿಗಡಿ ಒಂದು, ಒಂದಿಷ್ಟು ಮೆತ್ತನೆ ಹವಳ. ನೋಡಕ್ಕೆ ಬಂದೋರು "ಗಟ್ಟಿ ಹವಳ ಯಾಕಿಲ್ಲ, ಉಂಗುರಕ್ಕೆ ಹಾಕ್ತಾರಲ್ಲ ಅಂಥದ್ದು" ಅಂತಾರೆ. ಉಂಗುರದ್ದು ಬೇರೆ ಕಥೆ. ಆದ್ರೆ ದಿಬ್ಬ ಕಟ್ಟೋ ಗಟ್ಟಿ ಹವಳನೆಲ್ಲ 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿದಾರೆ. ಅಂದ್ರೆ ಹುಲಿ, ಆನೆ ಇರೋ ಪಟ್ಟಿಗೆ. ಸಮುದ್ರಕುದುರೆನೂ ಅದರಲ್ಲೇ ಇದೆ. ಅದಕ್ಕೇ ಮಗ ಅವನ್ನ ಮುಟ್ಟಲಿಲ್ಲ. ಮೀನೂ ಸಾಕಿ ಮರಿ ಮಾಡಿಸಿದವೇ. ನಮ್ಮ ತೊಟ್ಟೀಲಿ ಇರೋದು ಅಂಗಿ ಗುಂಡಿ ಹೊಲಿದಂಗೆ ಕಲ್ಲಿನ ಮೇಲೆ ಒತ್ತೊತ್ತಾಗಿ ಕೂರೋ ಜಾತಿ. ದೀಪ ಹಾಕಿದ್ರೆ ಅರಳ್ತವೆ, ಮುಟ್ಟಿದ್ರೆ ಮುದುಡ್ತವೆ. ಅದರಲ್ಲೂ ಕೆಲವಕ್ಕೆ ಕೆಟ್ಟ ವಿಷ ಇರುತ್ತಂತೆ. ಕೈಯಲ್ಲಿ ಗಾಯ ಇದ್ರೆ ಗ್ಲೌಸ್ ಇಲ್ಲದೆ ಕೈ ಹಾಕಬ್ಯಾಡ ಅಂತ ಹಾಳೆಯ ಹಿಂಭಾಗದಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದ.

ನೀರು ಯಾಕೆ ಬದಲಾಯ್ಸಬೇಕು? ಮೀನು ತಿಂತದೆ, ಹೇಲ್ತದೆ. ಮಿಕ್ಕಿದ ತಿಂಡಿ ಕೊಳೀತದೆ. ಕಲ್ಲಲ್ಲಿ, ಮರಳಲ್ಲಿ ಇರೋ ಬ್ಯಾಕ್ಟೀರಿಯಾ ಅದನ್ನ ಅಮೋನಿಯಾದಿಂದ ನೈಟ್ರೇಟ್ ತನಕ ಇಳಿಸ್ತವೆ. ಬಹುಪಾಲು ಅಲ್ಲಿಗೆ ನಿಲ್ತದೆ. ಉಳಿದ ನೈಟ್ರೇಟು ಎಲ್ಲಿಗೆ ಹೋಗ್ಬೇಕು, ಸಮುದ್ರದಂಗೆ ಇದಕ್ಕೇನು ಆಚೆ ದಡ ಇದೆಯಾ? ನಾವೇ ಹೊತ್ತು ಹಾಕ್ಬೇಕು. ಇನ್ನೊಂದು ಕಡೆ ಹವಳ ನೀರಲ್ಲಿರೋ ಸಣ್ಣಪುಟ್ಟ ಲವಣ ತಿಂದು ಖಾಲಿ ಮಾಡ್ತಿರ್ತದೆ, ಅದನ್ನ ತುಂಬಿಸ್ಕೊಡ್ಬೇಕು. ಮೊದಲು ನಾನು, ಪೂರ್ತಿ ನೀರು ಒಂದೇ ಸಲ ಚೆಲ್ಲಿ ಹೊಸದು ತುಂಬಿದ್ರೆ ಆರು ತಿಂಗಳು ನಿಶ್ಚಿಂತೆ ಅಲ್ವಾ ಅಂದ್ಕೊಂಡಿದ್ದೆ. ಹಂಗಲ್ಲ. ದೋಸೆ ಹಿಟ್ಟಿನ ಪಾತ್ರೇಲಿ ಹಳೇ ಹಿಟ್ಟು ಒಂದಿಷ್ಟು ಉಳಿಸ್ತೀವಲ್ಲ, ಹಂಗೆ ಹಳೇ ನೀರು ಇರ್ಬೇಕು. ಉಪ್ಪು, ಬಿಸಿ ಒಮ್ಮೆಗೇ ಏರುಪೇರಾದ್ರೆ ಹವಳ ತಡೆಯಲ್ಲ. ಆದ್ರೆ ಹತ್ತನೇ ಒಂದು ಪಾಲು ಬದಲಾಯ್ಸಿದ್ರೆ ಕೊಳೆನೂ ಹತ್ತನೇ ಒಂದು ಪಾಲೇ ಹೋಗೋದು. ನೈಟ್ರೇಟ್ 20 ಇದ್ದದ್ದು 18 ಆಗ್ತದೆ, ಅಷ್ಟೇ. ಮುಂದಿನ ಭಾನುವಾರದ ಹೊತ್ತಿಗೆ ಮತ್ತೆ ಏರಿರ್ತದೆ. ಪಾತ್ರೆ ತೊಳೆಯೋ ಕೆಲಸದಂಗೆ ಇದು, ಮುಗಿದೋಯ್ತು ಅಂತ ಯಾವತ್ತೂ ಇಲ್ಲ.

ಉಪ್ಪಿನ ವಿಚಾರದಲ್ಲೂ ನಂದು ಬುದ್ಧಿವಂತಿಕೆ ನಡೀತು. ಅವನು ತರಿಸೋ ಉಪ್ಪಿನ ಬಕೆಟ್ ರೇಟು ಕೇಳಿ, "ಗೋಕರ್ಣದ ಹತ್ರ ಸಾಣಿಕಟ್ಟೇಲಿ ಸಮುದ್ರದ ನೀರು ಕಟ್ಟಿಯೇ ಉಪ್ಪು ತೆಗೀತಾರಲ್ಲೋ, ಕಲ್ಲುಪ್ಪು ಹಾಕಿದ್ರಾಗಲ್ವಾ" ಅಂದೆ. ಫೋನಲ್ಲೇ ಪಾಠ ಮಾಡಿದ. ಉಪ್ಪಿನ ಪಾತೀಲಿ ನೀರು ಆರುವಾಗ ಸುಣ್ಣದ ಅಂಶ ಮೊದಲೇ ತಳ ಕಟ್ತದೆ, ಅಡುಗೆ ಉಪ್ಪು ಆಮೇಲೆ ಹರಳಾಗ್ತದೆ, ಕೊನೆಗೆ ಉಳಿಯೋ ಕಹಿ ನೀರಲ್ಲಿ ಮೆಗ್ನೀಸಿಯಂ ಹೋಗ್ಬಿಡ್ತದೆ. ನಾವು ಸಾರಿಗೆ ಹಾಕೋದು ಮಧ್ಯದ್ದು ಮಾತ್ರ. ಹವಳಕ್ಕೆ ಮೂರೂ ಬೇಕು. ಹಂಗಾಗಿ ಬಕೆಟ್ ಉಪ್ಪೇ. 20 ಲೀಟರಿಗೆ ಮುಕ್ಕಾಲು ಕೆಜಿ ಹತ್ರ. ಶನಿವಾರ ರಾತ್ರಿ ಕ್ಯಾನಿಗೆ ಹಾಕಿ ಒಂದು ಸಣ್ಣ ಪಂಪು ಬಿಟ್ಟು ಮಲಗ್ತೀನಿ. ಬೆಳಗ್ಗೆ ದುರ್ಬೀನಿನಂಥ ಕೊಳವೆಗೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡ್ತೀನಿ. ನೀಲಿ ಗೆರೆ 1.025ರ ಮೇಲೆ ಕೂತ್ರೆ ಸರಿ, ಲೀಟರಿಗೆ 35 ಗ್ರಾಂ ಉಪ್ಪು ಹತ್ರ ಬಂತು ಅಂತ ಅರ್ಥ.

ಇದೆಲ್ಲ ಕಲಿಯಬಹುದು. ನನಗೆ ಕಷ್ಟ ಆಗಿದ್ದು ಉಪ್ಪಲ್ಲ, ಸಿಹಿನೀರು.

ಉಪ್ಪು ಕಲಸೋ ಮುಂಚೆ ನೀರಲ್ಲಿ ಏನೂ ಇರಬಾರದು. ಟಿಡಿಎಸ್ ಮೀಟರ್ ಅಂತ ಪೆನ್ನಿನಂಥದ್ದು ಒಂದಿದೆ, ಅದ್ದಿದ್ರೆ ನೀರಲ್ಲಿ ಎಷ್ಟು ಲವಣ ಕರಗಿದೆ ಅಂತ ನಂಬರ್ ತೋರಿಸ್ತದೆ. ನಮ್ಮನೆ ಬೋರಿನ ನೀರಿಗೆ ಅದ್ದಿದ್ರೆ ನಂಬರು ನಿಲ್ಲೋದೇ ಇಲ್ಲ, ಏರ್ತಾ ಹೋಗ್ತದೆ. ಆ ಮೀಟರು ನನ್ನ ಬ್ಯಾಗಲ್ಲಿ ನೆಂಟರ ಮನೆಗೆಲ್ಲ ತಿರುಗಾಡಿದೆ. ಹೊನ್ನಾಳೀಲಿ ತಂಗಿ ಮನೆ. ಕೂಡ್ಲೀಲಿ ತುಂಗೆ, ಭದ್ರೆ ಕೂಡಿ ಬಂದ ಹೊಳೆ ಅವರೂರ ಪಕ್ಕದಲ್ಲೇ ಹರೀತದೆ. ಅಲ್ಲಿ ನಂಬರು ನಮ್ಮದಕ್ಕಿಂತ ಎಷ್ಟೋ ಕಮ್ಮಿ. ತಂಗಿ "ನೋಡಕ್ಕಾ, ಒಂದೆರಡು ಕ್ಯಾನು ಒಯ್ಯಿ" ಅಂದ್ಲು. ನ್ಯಾಮತೀಲಿ ನಾದಿನಿ ಬಿಡ್ತಾಳಾ? ತೀರ್ಥರಾಮೇಶ್ವರದ ತೀರ್ಥ ಬಾಟ್ಲಿ ತುಂಬಿ ತಂದು "ಇದಕ್ಕಿಂತ ಚೊಕ್ಕ ನೀರು ಎಲ್ಲೈತೆ ಹೇಳ್ರಿ" ಅಂದಳು. ತೀರ್ಥಕ್ಕೆ ಮೀಟರು ಅದ್ದೋದು ಹೆಂಗೆ? ಕಣ್ಣಿಗೊತ್ತಿಕೊಂಡು ಕುಡಿದೆ. ಹೊಳೆ ನೀರು ತರೋಣ ಅಂದ್ರೆ ಮಗ ಒಪ್ಪಲಿಲ್ಲ. ಗದ್ದೆ ಗೊಬ್ಬರದ ಅಂಶ ಹೊಳೇಲಿ ಇರುತ್ತೆ, ಪಾಚಿ ಹಬ್ಬುತ್ತೆ ಅಂದ. ಅದಕ್ಕಿಂತ ಅವನು ಹೆದರೋದು ಮೈಲುತುತ್ತಕ್ಕೆ. ಅಡಿಕೆ ಕೊಳೆರೋಗಕ್ಕೆ ಹೊಡಿಯೋ ಬೋರ್ಡೋ ದ್ರಾವಣದಲ್ಲಿ ಅದೇ ಇರೋದು, ತಾಮ್ರ. ಮೀನು ಹೆಂಗೋ ತಡ್ಕೊಂಡಾವು, ಸಿಗಡಿಗೂ ಹವಳಕ್ಕೂ ಚೂರು ತಾಮ್ರವೂ ವಿಷ. ನಾನು ಒಂದ್ಸಲ ತೋಟದ ಶೆಡ್ಡಿಂದ ಒಳ್ಳೇ ಡ್ರಮ್ಮು ಅಂತ ತೊಳೆದು ತಂದಿದ್ದೆ. ಯಜಮಾನ್ರು "ಅದರಲ್ಲೇ ಕಣೇ ನಾನು ಮೈಲುತುತ್ತ ಕಲಸೋದು" ಅಂತ ಕಸ್ಕೊಂಡ್ರು. ಅವತ್ತು ಬಚಾವು.

ಕೊನೆಗೆ ಉಳಿದದ್ದು ಆರ್‌ಒ ಮೆಷೀನು. ಬಚ್ಚಲ ಗೋಡೆಗೆ ಹಾಕಿದ್ದು, ಅದರ ಕೊನೇಲಿ ಇನ್ನೊಂದು ರೆಸಿನ್ ಕೊಳವೆ. ಅದರಿಂದ ಬರೋ ನೀರಿಗೆ ಮೀಟರ್ ಅದ್ದಿದ್ರೆ ಸೊನ್ನೆ. ಆದ್ರೆ ಒಂದು ಲೀಟರ್ ಸೊನ್ನೆ ನೀರು ಕೊಡಕ್ಕೆ ಅದು ಮೂರು ಲೀಟರ್ ಆಚೆ ಚೆಲ್ಲುತ್ತೆ. ಲೆಕ್ಕ ಹಾಕ್ರಿ, 20 ಲೀಟರಿಗೆ 60 ಚರಂಡಿಗೆ.

ನನ್ನ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಬೆಳೆದೋರಿಗೆ 60 ಲೀಟರ್ ಅಂದ್ರೇನು ಅಂತ ಬಿಡಿಸಿ ಹೇಳೋದು ಬ್ಯಾಡ. ಐದು ಕೊಡ. ನಾನು ಸ್ಕೂಲಿಗೆ ಹೋಗೋ ಮುಂಚೆ ಎರಡು ಕೊಡ ತರ್ತಿದ್ದೆ, ಬಂದ ಮೇಲೆ ಎರಡು. ತಂದ ನೀರಾದ್ರೂ ಎಂಥದ್ದು? ಬೋರಿನದ್ದು, ಫ್ಲೋರೈಡಿನದ್ದು. ನನ್ನ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟಿ ಇದೆ, ಅದಕ್ಕೇ ಫೋಟೋದಲ್ಲಿ ನಾನು ಬಾಯಿ ಮುಚ್ಕೊಂಡೇ ನಗೋದು. ಅವ್ವನಿಗೆ ಹಲ್ಲಷ್ಟೇ ಅಲ್ಲ, ಮಂಡಿನೂ ಬಾಗಿದೆ. ಕುಡಿಯೋ ನೀರಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತಾರೆ, ನಮ್ಮೂರ ಬೋರಲ್ಲಿ ಅದನ್ನ ಮೀರಿತ್ತು. ತೊಟ್ಟಿಯ ಉಪ್ಪಿನ ವಿಚಾರ ಓದುವಾಗ ಗೊತ್ತಾತು, ಸಮುದ್ರದ ನೀರಲ್ಲಿ ಇರೋದು ಲೀಟರಿಗೆ 1.3ರ ಹತ್ರ. ಸಮುದ್ರಕ್ಕಿಂತ ಹೆಚ್ಚಿನ ಫ್ಲೋರೈಡು ಕುಡಿದು ಬೆಳೆದೋರು ನಾವು. ಅವತ್ತು ಆ ಪುಸ್ತಕ ಅಲ್ಲಿಗೇ ಮುಚ್ಚಿಟ್ಟೆ.

ಈಗ ನಮ್ಮೂರಲ್ಲಿ ಶುದ್ಧ ನೀರಿನ ಘಟಕ ಇದೆ. 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬುತ್ತೆ. ಅವ್ವ ಅದನ್ನ ಕಾಯಿನ್ ನೀರು ಅಂತಾಳೆ. ಒಳಗಿರೋ ಮೆಷೀನು ಇದೇ ಆರ್‌ಒ, ಗಾತ್ರ ದೊಡ್ಡದು ಅಷ್ಟೆ.

ಮೊದಲ ಸಲ ಅವ್ವ ಬಂದಾಗ ಶುಕ್ರವಾರ ರಾತ್ರಿ. ಮೆಷೀನು ನಿಧಾನ, ಗಂಟೆಗೆ ಹತ್ತು ಲೀಟರ್ ಬಂದ್ರೆ ಹೆಚ್ಚು. ಹಂಗಾಗಿ ರಾತ್ರಿ ಹಚ್ಚಿ ಮಲಗೋದು ನನ್ನ ರೂಢಿ. ನಡುರಾತ್ರಿ ಎದ್ದು ನೋಡಿದ್ರೆ ಬಚ್ಚಲಲ್ಲಿ ಲೈಟು. ಅವ್ವ ಮಂಡಿ ಹಿಡ್ಕೊಂಡು ಸ್ಟೂಲ್ ಮೇಲೆ ಕೂತಿದಾಳೆ. ಮನೇಲಿದ್ದ ಬಕೆಟ್ಟು, ಹಂಡೆ, ಹಿಟ್ಟಿನ ಡಬರಿ ಎಲ್ಲ ತುಂಬಿ ಸಾಲಾಗಿ ನಿಂತಿವೆ. ಚರಂಡಿಗೆ ಹೋಗೋ ಪೈಪನ್ನ ಒಂದರಿಂದ ಒಂದಕ್ಕೆ ಬದಲಾಯ್ಸ್ತಾ ಇದಾಳೆ.

"ನಿದ್ದಿ ಬರಲಿಲ್ಲವ್ವಾ. ನೀರು ಸುಮ್ನೆ ಹೋಗಕತ್ತೈತೆ, ಸದ್ದು ಕೇಳ್ತೈತೆ."

"ಅದು ಬ್ಯಾಡದ ನೀರವ್ವಾ."

"ಯಾರಿಗೆ ಬ್ಯಾಡ?"

ಆಮೇಲೆ ಹಾಲ್‌ಗೆ ಬಂದು ತೊಟ್ಟಿ ಮುಂದೆ ನಿಂತ್ಲು. ತುಂಬಾ ಹೊತ್ತು ನೋಡಿ, "ಹಂಗಾರೆ ಇವಕ್ಕೂ ಕಾಯಿನ್ ನೀರೇ" ಅಂದ್ಲು. ಬೈದದ್ದಲ್ಲ. ಬೈದಿದ್ರೆ ವಾಸಿ ಇತ್ತು.

ಮಾರನೇ ದಿನವೇ ಎರಡು ನೀಲಿ ಡ್ರಮ್ಮು ತರಿಸಿದೆ. ಆಚೆ ಚೆಲ್ಲೋ ನೀರು ಈಗ ಅದಕ್ಕೆ ಬೀಳ್ತದೆ. ಬೋರಿನ ನೀರಿಗಿಂತ ಸ್ವಲ್ಪ ಗಡಸು, ಕುಡಿಯಕ್ಕಾಗಲ್ಲ. ಆದ್ರೆ ಪಾತ್ರೆ, ನೆಲ, ಕಕ್ಕಸು, ಅಂಗಳ ಇವಕ್ಕೆಲ್ಲ ಧಾರಾಳ. ಅಲ್ಲಿಂದ ಈಚೆಗೆ ಆ ಕೆಲಸಕ್ಕೆ ಬೋರಿನ ನಲ್ಲಿ ತಿರುಗಿಸಿಲ್ಲ. ತೊಟ್ಟಿಯಿಂದ ತೆಗೆದ ಉಪ್ಪುನೀರಿಗೆ ಮಾತ್ರ ದಾರಿ ಸಿಗಲಿಲ್ಲ. ಮೊದಮೊದಲು ಗೊತ್ತಿಲ್ದೆ ಹಿತ್ತಲ ಕರಿಬೇವಿಗೆ ಹೊಯ್ದೆ. ಎರಡು ತಿಂಗಳಿಗೆ ಎಲೆ ತುದಿ ಸುಟ್ಟಂಗಾಗಿ ಒಣಗೇ ಹೋತು. ವಾರಕ್ಕೆ 700 ಗ್ರಾಂ, ವರ್ಷಕ್ಕೆ 36 ಕೆಜಿ ಉಪ್ಪು ಅದು. ಮಾವನೋರು "ತೆಂಗಿಗೆ ಉಪ್ಪು ಹಾಕ್ತೀವಲ್ಲ, ಅದಕ್ಕೆ ಹಾಕು" ಅಂತಾರೆ. ವರ್ಷಕ್ಕೊಂದ್ಸಲ ಸರಿ, ವಾರವಾರ ಯಾವ ಗಿಡ ತಡೀತದೆ? ಅದು ಬಚ್ಚಲಿಗೇ ಹೋಗ್ತದೆ. ಈ ಒಂದು ಲೆಕ್ಕ ಇನ್ನೂ ನನಗೆ ಸರಿ ಹೋಗಿಲ್ಲ.

2024ರ ಬೇಸಿಗೆ ಯಾರಿಗೆ ನೆನಪಿಲ್ಲ ಹೇಳ್ರಿ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಚನ್ನಗಿರಿ ಕಡೆ ತೋಟಗಳಿಗೆ ಟ್ಯಾಂಕರಲ್ಲಿ ನೀರು ಹೊಡೆಸಿ ಅಡಿಕೆ ಉಳಿಸ್ಕೊಂಡ್ರು. ನಮ್ಮದೂ ಒಂದು ಬೋರು ಬತ್ತಿ, ಯಜಮಾನ್ರು ದಿನಾ ಟ್ಯಾಂಕರಿನವರಿಗೆ ಫೋನ್ ಮಾಡೋದು, ದುಡ್ಡು ಎಣಿಸೋದು. ಅಂಥಾದ್ರಲ್ಲಿ ನಾನು ಮೀನಿಗೆ ಅಂತ ಮೆಷೀನು ಹಚ್ಚಬೇಕಿತ್ತು. ಅವರು ಏನೂ ಅನ್ನಲಿಲ್ಲ. ಮೆಷೀನಿನ ಸದ್ದು ಶುರುವಾದ್ರೆ ಎದ್ದು ಜಗಲಿಗೆ ಹೋಗಿ ಕೂರೋರು. ಮಗನಿಗೆ ಫೋನ್ ಮಾಡಿ "ನಿನ್ನ ಸಮುದ್ರ ನೀನೇ ಒಯ್ಯಪ್ಪಾ" ಅಂದೆ. ಅವನು ಬೆಂಗಳೂರಲ್ಲಿ ಬಾಡಿಗೆ ಮನೇಲಿ ಟ್ಯಾಂಕರ್ ನೀರಿಗೆ ಬಕೆಟ್ ಹಿಡ್ಕೊಂಡು ನಿಂತಿದ್ದ.

ನೀರು ಬದಲಾಯ್ಸೋದನ್ನ ಮೂರು ವಾರ ಬಿಟ್ಟು ನೋಡ್ದೆ. ಗಾಜಿಗೆ ಪಾಚಿ ಕಟ್ತು, ಹವಳ ಅರ್ಧರ್ಧ ಅರಳಿದ್ವು. ತಿಂಡಿ ಕಮ್ಮಿ ಮಾಡ್ದೆ, ದಿನ ಬಿಟ್ಟು ದಿನ ಒಂದು ಚಿಟಿಕೆ. ಅದು ಕೆಲಸ ಮಾಡ್ತು. ಹೋಗೋ ಕೊಳೆಗಿಂತ ಬರೋ ಕೊಳೆ ತಡೆಯೋದೇ ಅಗ್ಗ. ಆಮೇಲೆ ಎರಡು ವಾರಕ್ಕೊಮ್ಮೆ 20 ಲೀಟರಲ್ಲಿ ನಡೀತು. ಆದ್ರೆ ಬಿಸಿಲು ಬಿಡ್ಬೇಕಲ್ಲ. ನೀರು 29 ಡಿಗ್ರಿ ದಾಟಿದ್ರೆ ಹವಳಕ್ಕೆ ಸಂಕಟ. ಟೇಬಲ್ ಫ್ಯಾನನ್ನ ನೀರಿನ ಮೇಲೆ ತಿರುಗಿಸಿಟ್ರೆ ಎರಡು ಡಿಗ್ರಿ ಇಳೀತದೆ. ಮಣ್ಣಿನ ಮಡಕೆ ತಂಪಾಗೋದು ಹೆಂಗೋ ಹಂಗೇ, ನೀರು ಆವಿಯಾಗಿಯೇ ತಂಪು ಕೊಡೋದು. ಹಂಗಾಗಿ ದಿನಕ್ಕೆ ಎರಡೂವರೆ ಲೀಟರ್ ಆರಿ ಹೋಗ್ತಿತ್ತು. ಅದನ್ನ ದಿನಾ ಮೇಲಿಂದ ತುಂಬಬೇಕು. ಗಮನಿಸ್ರಿ, ಆರೋದು ನೀರು ಮಾತ್ರ, ಉಪ್ಪು ಅಲ್ಲೇ ಉಳೀತದೆ. ಅದಕ್ಕೆ ತುಂಬಬೇಕಾದ್ದು ಸಪ್ಪೆ ನೀರು. ಉಪ್ಪುನೀರು ಬದಲಾಯ್ಸಕ್ಕೆ, ಸಪ್ಪೆ ನೀರು ತುಂಬಕ್ಕೆ. ಎರಡೂ ಬೇರೆ.

ಇದು ನನಗೆ ಗೊತ್ತಿತ್ತು. ಬರೆದಿಡಲಿಲ್ಲ.

ಏಪ್ರಿಲಲ್ಲಿ ಅವ್ವನಿಗೆ ಜ್ವರ ಅಂತ ಫೋನ್ ಬಂತು. ಎಂಟು ದಿನ ಜಗಳೂರಿಗೆ ಹೋದೆ. ಹೋಗುವಾಗ ಅಡುಗೆಮನೆ ಮೂಲೇಲಿ ಎರಡು ಕ್ಯಾನು ಇಟ್ಟಿದ್ದೆ. ಒಂದೇ ಕಂಪನಿ, ಒಂದೇ ಬಣ್ಣ. ಒಂದರಲ್ಲಿ ಸೊನ್ನೆ ನೀರು, ಇನ್ನೊಂದರಲ್ಲಿ ಬಂದ ಮೇಲೆ ಬದಲಾಯ್ಸೋಣ ಅಂತ ಉಪ್ಪು ಕಲಸಿಟ್ಟ ನೀರು. ಯಜಮಾನ್ರಿಗೆ "ದಿನಾ ಗೆರೆ ತನಕ ತುಂಬ್ರಿ, ಆ ಕ್ಯಾನಿಂದ" ಅಂತ ಬಾಯಲ್ಲಿ ಹೇಳಿ ಬಸ್ ಹತ್ತಿದೆ. ಅವರು ಪಾಪ ಒಂದು ದಿನವೂ ತಪ್ಪಿಸಲಿಲ್ಲ. ತೋಟಕ್ಕೆ ಟ್ಯಾಂಕರ್ ಬಿಡಿಸಿ ಬಂದು ರಾತ್ರಿ ಹತ್ತಕ್ಕೂ ಅಳತೆ ಮಾಡಿ ತುಂಬಿದಾರೆ. ಎಂಟು ದಿನಕ್ಕೆ ಒಂದು ಕ್ಯಾನು ಖಾಲಿ. ಉಪ್ಪಿನ ಕ್ಯಾನು.

ಬಂದು ಬಾಗಿಲು ತೆಗೆದ ಕೂಡ್ಲೇ ಗೊತ್ತಾತು. ಗುಂಡಿ ಹವಳ ಎಲ್ಲ ಮುಷ್ಟಿ ಕಟ್ಟಿದಂಗೆ ಮುಚ್ಕೊಂಡಿದ್ವು. ಗೆರೆ 1.029. ಲೀಟರಿಗೆ 39 ಗ್ರಾಂ. ಮೀನು ಓಡಾಡ್ತಿದ್ವು. ಸಿಗಡಿ ಕಲ್ಲಿನ ಹಿಂದೆ ಬಿಳಿಚಿ ಮಗ್ಗುಲಾಗಿ ಬಿದ್ದಿತ್ತು. ಮೀನಿಗಿಂತ ಸಿಗಡಿಗೆ ಉಪ್ಪಿನ ವ್ಯತ್ಯಾಸ ತಡೆಯೋ ಶಕ್ತಿ ಕಮ್ಮಿ. ಅದು ನನ್ನ ಕೈ ತೊಟ್ಟಿಗಿಳಿದ್ರೆ ಬಂದು ಉಗುರಿನ ಸಂದಿ ಕೆದಕ್ತಿತ್ತು. ಮೀನಿನ ಮೈ ಕೊಳೆ ತಿನ್ನೋ ಜಾತಿ, ನನ್ನನ್ನೂ ಒಂದು ಮೀನು ಅಂದ್ಕೊಂಡಿತ್ತೇನೋ. ಯಜಮಾನ್ರು ಎರಡೂ ಕ್ಯಾನನ್ನ ನೋಡಿದ್ರು. ಉಳಿದಿದ್ದ ಕ್ಯಾನಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದ್ರು. ಅಷ್ಟೊತ್ತಿಗೆ ಅವರ ಮುಖ ನೋಡಕ್ಕಾಗಲಿಲ್ಲ. ತಪ್ಪು ಅವರದ್ದಲ್ಲ ಅಂತ ನಾನು ಹೇಳ್ದೆ, ಎರಡು ಸಲ ಹೇಳ್ದೆ. ಬಿಸಿಲಲ್ಲಿ ಅಡಿಕೆ ಗೊನೆ ಉದುರಿದಾಗಲೂ ಅವರು ಅಷ್ಟು ಸುಮ್ಮನಾಗಿರಲಿಲ್ಲ.

ಸರಿ ಮಾಡೋದ್ರಲ್ಲಿ ಅವಸರ ಮಾಡಬಾರದು. ಎಂಟು ದಿನ ಏರಿದ್ದನ್ನ ಒಂದೇ ಗಂಟೇಲಿ ಇಳಿಸಿದ್ರೆ ಉಳಿದವೂ ಹೋಗ್ತಿದ್ವು. ದಿನಕ್ಕೆ ಮೂರು ಲೀಟರ್ ಉಪ್ಪುನೀರು ತೆಗೆದು ಮೂರು ಲೀಟರ್ ಸಪ್ಪೆ ನೀರು ಹಾಕ್ದೆ, ಆರಿದ್ದನ್ನ ತುಂಬೋದು ಬೇರೆ. ಆರು ದಿನಕ್ಕೆ 1.026ರ ಹತ್ರ ಬಂತು. ಏಳನೇ ದಿನ ಬೆಳಗ್ಗೆ ಒಂದು ಮೂಲೇಲಿ ನಾಲ್ಕು ಗುಂಡಿ ತೆರೆದಿದ್ವು. ಯಜಮಾನ್ರೇ ಮೊದಲು ನೋಡಿದ್ದು. "ಬಾ ಇಲ್ಲಿ" ಅಂತ ಕೂಗಿದ್ರು, ನಾನು ಹಾಲು ಉಕ್ಕಕ್ಕೆ ಬಿಟ್ಟು ಓಡಿದೆ.

ಉಪ್ಪಿನ ಕ್ಯಾನಿನ ಕುತ್ತಿಗೆಗೆ ಈಗ ಕೆಂಪು ದಾರ ಕಟ್ಟಿದೆ. ಭಾನುವಾರ ಪೈಪು ಹಿಡಿಯೋದು ಅವರು, ಮರಳಿನ ಕೊಳೆ ಎಳೆಯೋದು ನಾನು. ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೀತೀವಿ: ಗೆರೆ ಎಷ್ಟು, ಬಿಸಿ ಎಷ್ಟು, ನೀರು ಎಷ್ಟು. ಹಾಲಿನ ಲೆಕ್ಕ ಅದರ ಕೆಳಗೆ. ಹೊಸ ಸಿಗಡಿ ತಂದಿಲ್ಲ. ಮಗ ಕೇಳಿದಾಗೆಲ್ಲ ಮುಂದಿನ ತಿಂಗಳು ಅಂತೀನಿ.

ಆ ವರ್ಷ ಮಳೆ ಚೆನ್ನಾಗೇ ಆತು. ಹೊನ್ನಾಳಿ ಮುಂದೆ ಹಾದುಹೋಗೋ ಹೊಳೆ ನೀರನ್ನ ಹರಿಹರದ ಹತ್ರ ಎತ್ತಿ ಜಗಳೂರು ಕಡೆಗೆ 57 ಕೆರೆ ತುಂಬಿಸೋ ಪೈಪು ಹಾಕಿದಾರಲ್ಲ, ಅದರ ಮಾತೇ ಅವ್ವನ ಬಾಯಲ್ಲಿ. ದಸರಾ ಮುಗಿಸಿ ನಮ್ಮನೆಗೆ ಬಂದಾಗ ಅವಳೇ ಶುಕ್ರವಾರ ರಾತ್ರಿ "ಮೆಷೀನ್ ಹಚ್ಚಲ್ವೇನೇ?" ಅಂತ ಕೇಳಿದ್ಲು. ಹಚ್ಚಿದೆ. ಒಂದು ಲೋಟ ಹಿಡಿದು ಸೊನ್ನೆ ನೀರು ತುಂಬಿಸ್ಕೊಂಡ್ಲು. ಬ್ಯಾಡ ಅನ್ನೋಷ್ಟರಲ್ಲಿ ಒಂದು ಗುಟುಕು ಕುಡಿದು ಮುಖ ಕಿವುಚಿದ್ಲು.

"ಥೂ, ಇದ್ರಾಗೆ ಏನೂ ಇಲ್ಲ."

"ಇರಬಾರದವ್ವಾ, ಆಮೇಲೆ ನಾವು ಹಾಕೋದು."

ಲೋಟದಲ್ಲಿ ಉಳಿದದ್ದನ್ನ ಚೆಲ್ಲಲಿಲ್ಲ. ಸ್ಟೂಲು ಹಿಡಿದು ಮೆಲ್ಲಗೆ ಎದ್ದು, ತಿರುಗಿ ಕ್ಯಾನಿಗೇ ಹೊಯ್ಯಕ್ಕೆ ಹೋದ್ಲು. ಎಂಜಲು ಅಂತ ನಾನು ತಡೆದೆ. ಕಿಟಕಿ ಹತ್ರ ಹೊಸದಾಗಿ ನೆಟ್ಟಿರೋ ಕರಿಬೇವಿನ ಸಸಿಗೆ ಹಾಕಿ ಬಂದ್ಲು. ಡ್ರಮ್ಮು ಇನ್ನೂ ಅರ್ಧ ತುಂಬಿತ್ತು. ಪೈಪನ್ನ ಒಂದ್ಸಲ ಮುಟ್ಟಿ ನೋಡಿ, ಲೈಟ್ ಆರಿಸಿ ಮಲಗಿದ್ಲು.